ರಬ್ಬರ್ ವಿಮಾನ ಎಡಕ್ಕೇ ತಿರುಗಿ ಬೀಳುತ್ತಿದೆ, ಏನು ಮಾಡಲಿ?

ಮಲೆನಾಡಿಗ:
ಮೊದಲ ಸಲ ಕಿಟ್ ತರಿಸಿ ಬಾಲ್ಸಾ (ಹಗುರ ಮರ) ವಿಮಾನ ಕಟ್ಟಿದ್ದೇನೆ, ಸುತ್ತಿದ ರಬ್ಬರ್ ಬಿಚ್ಚಿಕೊಳ್ಳುತ್ತಾ ಪ್ರೊಪೆಲ್ಲರ್ ತಿರುಗಿಸುವಂಥದ್ದು. ರೆಕ್ಕೆ ತುದಿಯಿಂದ ತುದಿಗೆ 18 ಇಂಚು. ಮೂರು ವಾರ ಹಿಡಿಯಿತು. ಭಾನುವಾರ ಮೈದಾನಕ್ಕೆ ಒಯ್ದು ರಬ್ಬರಿಗೆ 150 ಸುತ್ತು ಕೊಟ್ಟು ಬಿಟ್ಟೆ. ಆಳೆತ್ತರ ಏರುವ ಮೊದಲೇ ಎಡಕ್ಕೆ ವಾಲಿ, ಗಿರಕಿ ಹೊಡೆದು ನೆಲಕ್ಕೆ ಬಿತ್ತು. ನಾಲ್ಕು ಸಲವೂ ಅದೇ ಕತೆ. ಬಾಲದ ಚುಕ್ಕಾಣಿಯನ್ನು ಬಲಕ್ಕೆ ಬಗ್ಗಿಸಿದರೂ ಊಹ್ಞೂಂ. "ಅಪ್ಪಾ, ಗಾಳಿಪಟವೇ ವಾಸಿ" ಅನ್ನುತ್ತಿದ್ದಾಳೆ ಮಗಳು.

ಹಳೇರಬ್ಬರ್:
ಮೊದಲು ಚುಕ್ಕಾಣಿ ನೇರ ಮಾಡಿ ಸರ್. ಎರಡು ಪ್ರಶ್ನೆ. ರಬ್ಬರ್ ಸುತ್ತದೆ, ಸುಮ್ನೆ ಹುಲ್ಲಿನ ಮೇಲೆ ತೇಲಿಬಿಟ್ಟರೂ ಎಡಕ್ಕೇ ಹೋಗುತ್ತಾ? ರೆಕ್ಕೆಯ ಹೊದಿಕೆಯ ತೆಳು ಕಾಗದ, ಅಂದರೆ ಟಿಶ್ಯೂ, ಅಂಟಿಸಿ ನೀರು ಸಿಂಪಡಿಸಿದ ಮೇಲೆ ರೆಕ್ಕೆ ಹೇಗೆ ಒಣಗಿಸಿದಿರಿ?

ಪ್ರೊಪೆಲ್ಲರ್ ಒಂದು ಕಡೆ ತಿರುಗಿದರೆ ವಿಮಾನದ ಮೈ ಇನ್ನೊಂದು ಕಡೆ ಹೊರಳಲು ನೋಡುತ್ತದೆ. ಸಾಮಾನ್ಯವಾಗಿ ಅದು ಎಡಕ್ಕೆ. ಆದರೆ ಆ ಕಾಟ ರಬ್ಬರ್ ಬಿಚ್ಚಿಕೊಳ್ಳುವಾಗ ಮಾತ್ರ. ಸುತ್ತದೇ ಬಿಟ್ಟಾಗಲೂ ತಿರುಗಿದರೆ ರೆಕ್ಕೆ ಸೊಟ್ಟಗಿದೆ ಅಂತ ಅನುಮಾನ.

ಮಲೆನಾಡಿಗ:
ಸುತ್ತದಿದ್ದರೂ ಎಡಕ್ಕೇ. ರೆಕ್ಕೆಯನ್ನು ಗೋಡೆಗೆ ಒರಗಿಸಿಟ್ಟು ಒಣಗಿಸಿದ್ದೆ.

ಹಳೇರಬ್ಬರ್:
ಸಿಕ್ಕಿತಲ್ಲ! ಒದ್ದೆ ಟಿಶ್ಯೂ ಒಣಗುವಾಗ ಬಿಗಿಯುತ್ತದೆ. ಬಾಲ್ಸಾ ಪಾಪ, ಎಳೆದ ಕಡೆ ಬಗ್ಗುತ್ತದೆ. ವಿಮಾನವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಾಲದ ಕಡೆಯಿಂದ ನೋಡಿ. ಎಡ ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚು ಮೇಲಕ್ಕೆ ಎದ್ದಿರಬೇಕು.

ಕೆಟಲ್ ಹಬೆಗೆ ಆ ಭಾಗ ಹಿಡಿಯಿರಿ (ನಮ್ಮನೆಯಲ್ಲಿ ಇಡ್ಲಿ ಪಾತ್ರೆ). ತೀರಾ ಹತ್ತಿರ ಬೇಡ, ಅಂಟು ಬಿಟ್ಟೀತು. ಟಿಶ್ಯೂ ಮೆತ್ತಗಾದ ಕೂಡಲೇ ಎದುರು ದಿಕ್ಕಿಗೆ, ಬೇಕಾದ್ದಕ್ಕಿಂತ ಚೂರು ಜಾಸ್ತಿಯೇ ತಿರುಚಿ ಹಾಗೇ ಹಿಡಿದಿರಿ. ತಣ್ಣಗಾಗಿ ಒಣಗುವ ತನಕ ಬಿಡಬೇಡಿ. ಒಂದೇ ಸಲಕ್ಕೆ ಸರಿಹೋಗದಿದ್ದರೆ ಮತ್ತೆ ಹಬೆ. ಮುಂದಿನ ಸಲ ರೆಕ್ಕೆಯನ್ನು ಹಲಗೆಗೆ ಪಿನ್ ಹೊಡೆದೇ ಒಣಗಿಸಿ.

ಮಲೆನಾಡಿಗ:
ಎದ್ದಿತ್ತು ಸರ್, 4 ಮಿ.ಮೀ.! ಎರಡು ಸಲ ಹಬೆ ಕೊಟ್ಟೆ. ಈಗ ನೇರ ತೇಲುತ್ತದೆ. ಆದರೆ 60 ಸುತ್ತು ಕೊಟ್ಟರೆ ಮೂತಿ ಎತ್ತಿ, ಗಾಳಿಯಲ್ಲೇ ನಿಂತು, ಧೊಪ್ಪನೆ ಬೀಳುತ್ತದೆ. ಮೂತಿಗೆ ಜೇಡಿ ತುಂಬಲೇ?

ಹಳೇರಬ್ಬರ್:
ಬೇಡ ಮಾರಾಯ್ರೇ! ತೇಲುವುದು ಸರಿಯಿದ್ದರೆ ತೂಕ ಮುಟ್ಟಲೇಬೇಡಿ. ಪ್ರೊಪೆಲ್ಲರ್ ಕೂತಿರುವ ಮೂತಿಯ ತುಂಡಿನ ಹಿಂದೆ, ಮೇಲಂಚಿಗೆ 1 ಮಿ.ಮೀ. ಬಾಲ್ಸಾ ಚೂರು ಸಿಕ್ಕಿಸಿ. ಪ್ರೊಪೆಲ್ಲರ್ ತುಸು ಕೆಳಕ್ಕೆ ಮುಖ ಮಾಡುತ್ತದೆ. ಆಮೇಲೂ ಎಡಕ್ಕೆ ಎಳೆದರೆ ಎಡ ಅಂಚಿಗೂ ಒಂದು ಚೂರು.

ಗಿರಗಿಟ್ಲೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ರಬ್ಬರ್ ಉಜ್ಜಿ ಹರಿಯದಂತೆ ಅದಕ್ಕೆ ಏನು ಹಚ್ಚಿದ್ದೀರಿ? ನಾನು ಹೊಲಿಗೆ ಮಿಷನ್ ಎಣ್ಣೆ ಹಚ್ಚಿ ಎರಡು ರಬ್ಬರ್ ಹಾಳು ಮಾಡಿದೆ. ಹರಳೆಣ್ಣೆ ಸಾಕು, ಎರಡೇ ಹನಿ.

ಮಲೆನಾಡಿಗ:
ಹರಳೆಣ್ಣೆ ಹಚ್ಚಿದೆ, ಚೂರೂ ಸಿಕ್ಕಿಸಿದೆ. ಇವತ್ತು 200 ಸುತ್ತಿಗೆ 14 ಸೆಕೆಂಡು! ಇಳಿಯುವಾಗ ಚಕ್ರದ ತಂತಿ ಬಾಗಿತು, ಇಕ್ಕಳದಲ್ಲಿ ನೇರ ಮಾಡಿದೆ.

ಹಳೇರಬ್ಬರ್:
1871ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫೋನ್ಸ್ ಪೆನೋ ಹಾರಿಸಿದ ರಬ್ಬರ್ ವಿಮಾನ ನಿಂತಿದ್ದು 11 ಸೆಕೆಂಡು. ಮಗಳಿಗೆ ಹೇಳಿ.