ಗೋಲ್ಫ್‌ನಲ್ಲಿ ಒಂದು ಸ್ಲೈಸ್ (ಚೆಂಡು ಬಲಕ್ಕೆ ತಿರುಗಿ ಹೋಗೋದು) ಆದ್ರೆ ಮುಂದಿನ ಮೂರು ಹೋಲ್ ಹಾಳು: ತಪ್ಪು ಒಪ್ಪಿಕೊಂಡು ಆಡೋದು ಅಂದ್ರೇನು?

ಬೋಗಿರಾಯ
ಹ್ಯಾಂಡಿಕ್ಯಾಪ್ 18 (ಪಾರ್, ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತಗಳ ಮೇಲೆ ನನಗೆ ಸಿಗುವ ರಿಯಾಯಿತಿ), ಬಲಗೈ ಆಟ. ಅಭ್ಯಾಸದ ರೇಂಜ್‌ನಲ್ಲಿ 7 ಐರನ್ ಕ್ಲಬ್ ಪರವಾಗಿಲ್ಲ. ಕೋರ್ಸ್‌ನಲ್ಲಿ ಒಂದು ಚೆಂಡು ಬಲಕ್ಕೆ ತಿರುಗಿದ್ರೆ ಸಾಕು, ಮುಂದಿನ ಟೀಯಲ್ಲಿ (ಹೋಲ್ ಶುರುವಾಗುವ ಜಾಗ) ಗ್ರಿಪ್ ಬದಲಾಯಿಸೋದು, ಎಡಕ್ಕೆ ತಿರುಗಿ ನಿಲ್ಲೋದು ಶುರು. ಮೊದಲ ಒಂಬತ್ತು ಹೋಲ್‌ಗೆ 44 ಹೊಡೆತ, ಆಮೇಲಿನ ಒಂಬತ್ತಕ್ಕೆ 52. "ತಪ್ಪು ಆಗುತ್ತೆ, ಒಪ್ಪಿಕೊಂಡು ಆಡು" ಅಂತಾರೆ ಎಲ್ಲರೂ. ಸರಿ, ಆದರೆ ಕ್ಲಬ್ ಹಿಡಿದು ನಿಂತಾಗ ಅದನ್ನ ಮಾಡೋದು ಹೇಗೆ?

ಏಳನೇಐರನ್
ಮೊದಲು ಹ್ಯಾಂಡಿಕ್ಯಾಪ್ ಲೆಕ್ಕವನ್ನೇ ನೋಡಿ. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. ಉಳಿದ 12 ಪಕ್ಕಕ್ಕೆ. ಅಂದಮೇಲೆ ನಿಮ್ಮ 18 ಅನ್ನೋದು ನೀವು ಚೆನ್ನಾಗಿ ಆಡಿದ ದಿನದ ಅಂಕಿ, ಸರಾಸರಿ ದಿನದ್ದಲ್ಲ. ಪ್ರತಿ ಸಲ 90 (ಪಾರ್ 72ಕ್ಕೆ 18 ಸೇರಿಸಿ) ಬರಬೇಕು ಅಂತ ಹೊರಟರೆ ಹತ್ತನೇ ಹೋಲಿಗೇ ತಲೆ ಬಿಸಿ ಆಗದೆ ಇರುತ್ತಾ?

ಈಗ ಕೆಲಸದ ಮಾತು. ರೇಂಜ್‌ನಲ್ಲಿ 7 ಐರನ್‌ನಿಂದ ಒಂದೇ ಗುರಿಗೆ 20 ಚೆಂಡು ಹೊಡೆಯಿರಿ. "ಇದು ಕೆಟ್ಟದ್ದು, ಬಿಟ್ಟುಬಿಡೋಣ" ಅನ್ನೋ ಹಾಗಿಲ್ಲ, ಇಪ್ಪತ್ತನ್ನೂ ಬರೆಯಿರಿ. ಎಡಕ್ಕೆ 12 ಗಜ, ಬಲಕ್ಕೆ 20 ಗಜ ಹರಡಿದವು ಅಂದುಕೊಳ್ಳಿ. ಒಟ್ಟು 32 ಗಜ, ಅದರ ನಡುಮಧ್ಯ ಗುರಿಯಿಂದ 4 ಗಜ ಬಲಕ್ಕೆ.

ಎದುರಿಗೆ 28 ಗಜ ಅಗಲದ ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ). ಹೋಲಿನ ಬಾವುಟದ ಕೋಲು ಬಲ ಅಂಚಿನಿಂದ 5 ಗಜ ಒಳಗೆ, ಅಂಚಿನಾಚೆ ಬಂಕರ್ (ಮರಳಿನ ಗುಂಡಿ). ನೇರ ಕೋಲಿಗೇ ಗುರಿಯಿಟ್ಟರೆ ನಿಮ್ಮ ಹರವಿನ ಮಧ್ಯ ಅಂಚಿಗೆ ಬರೀ 1 ಗಜ ದೂರ. ಹೆಚ್ಚೂಕಡಿಮೆ ಅರ್ಧ ಚೆಂಡುಗಳು ಬಂಕರ್ ಕಡೆಗೇ. ಕೋಲಿನಿಂದ 13 ಗಜ ಎಡಕ್ಕೆ ಗುರಿಯಿಟ್ಟರೆ ಹರವಿನ ಮಧ್ಯ ಗ್ರೀನಿನ ಮಧ್ಯಕ್ಕೆ ಕೂರುತ್ತೆ, ಅಗಲದ ಮಟ್ಟಿಗೆ ಎರಡೂ ಕಡೆ 2 ಗಜ ಮಾತ್ರ ಹೊರಗೆ. ಸ್ವಿಂಗ್ ಅದೇ, ತಪ್ಪೂ ಅದೇ. ಅದು ಬೀಳುವ ಜಾಗ ಮಾತ್ರ ಬೇರೆ. ದೂರಕ್ಕೂ ಹೀಗೇ. ಸರಿಯಾಗಿ ತಾಗದ ಚೆಂಡು ಹೆಚ್ಚಾಗಿ ಮುಂಚೆಯೇ ಬೀಳುತ್ತೆ, ಆದ್ದರಿಂದ ಇಪ್ಪತ್ತರಲ್ಲಿ ಅತಿ ದೂರ ಹೋದ ಎರಡನ್ನು ನಂಬಿ ಕ್ಲಬ್ ಆರಿಸಬೇಡಿ.

ಫೇಡ್‌ಪ್ರಿಯ
ಎಡಕ್ಕೆ ತಿರುಗಿ ನಿಲ್ತೀರಲ್ಲ, ಸಮಸ್ಯೆ ಅಲ್ಲೇ ಇದೆ. ಚೆಂಡು ಹೊರಡೋದು ಹೆಚ್ಚಾಗಿ ಕ್ಲಬ್ ಮುಖ ನೋಡುವ ದಿಕ್ಕಿಗೆ. ತಿರುಗೋದು ಮುಖಕ್ಕೂ ಸ್ವಿಂಗ್ ದಾರಿಗೂ ಇರುವ ಅಂತರದಿಂದ. ಭುಜ ಎಡಕ್ಕೆ ತಿರುಗಿಸಿದರೆ ಸ್ವಿಂಗ್ ದಾರಿ ಇನ್ನೂ ಎಡಕ್ಕೆ ಹೋಗುತ್ತೆ, ಮುಖ ಮಾತ್ರ ಇದ್ದಲ್ಲೇ ಇರುತ್ತೆ. ಅಂತರ ದೊಡ್ಡದಾಯ್ತು, ಸ್ಲೈಸೂ ದೊಡ್ಡದಾಯ್ತು. ಅದಕ್ಕೇ ನಿಮ್ಮ ಎರಡನೇ ಸ್ಲೈಸ್ ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತೆ.

ಇವತ್ತು ಚೆಂಡು ಬಲಕ್ಕೇ ತಿರುಗುತ್ತಿದೆಯಾ? ಆ ಸುತ್ತು ಮುಗಿಯೋವರೆಗೂ ಅದೇ ನಿಮ್ಮ ಹೊಡೆತ. ಟೀ ಜಾಗದ ಬಲ ಅಂಚಿನಲ್ಲಿ ಚೆಂಡಿಟ್ಟು ಫೇರ್‌ವೇಯ (ಟೀಯಿಂದ ಗ್ರೀನ್ ಕಡೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಎಡಭಾಗಕ್ಕೆ ಗುರಿಯಿಡಿ. ಮೊದಲು ಕ್ಲಬ್ ಮುಖವನ್ನು ಗುರಿಗೆ ಕೂರಿಸಿ, ಆಮೇಲೆ ಪಾದ, ಭುಜ. ಗ್ರಿಪ್ ರಿಪೇರಿ ಎಲ್ಲಾ ರೇಂಜ್‌ನಲ್ಲಿ.

ಪಟರ್‌ಪಂಡಿತ
ಮೇಲಿನವರದ್ದು ಒಪ್ಪಿದೆ, ಆದರೆ 44ರಿಂದ 52ಕ್ಕೆ ಹೋಗೋದು ಸ್ಲೈಸ್‌ನಿಂದಲ್ಲ, ಸ್ಲೈಸ್ ಆದಮೇಲಿನ ಹೊಡೆತದಿಂದ. ಮರಗಳ ನಡುವೆ ಎರಡು ಗಜದ ಸಂದಿ ಕಾಣುತ್ತೆ, ಅದರಲ್ಲಿ ನುಗ್ಗಿಸೋಣ ಅನಿಸುತ್ತೆ. ಬೇಡ. ಚಿಕ್ಕ ಸ್ವಿಂಗ್‌ನಲ್ಲಿ ಅಡ್ಡಕ್ಕೆ ಫೇರ್‌ವೇಗೆ ತಳ್ಳಿ. ಸ್ವಿಂಗಿಗೇ ಜಾಗವಿಲ್ಲದಿದ್ದರೆ ಆಡಲಾಗದ ಚೆಂಡು ಅಂತ ಘೋಷಿಸಿ, ಒಂದು ಪೆನಾಲ್ಟಿಗೆ ಎರಡು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರವಾಗದಂತೆ ಡ್ರಾಪ್ ಮಾಡಿ. ಕೋರ್ಸ್ ಹ್ಯಾಂಡಿಕ್ಯಾಪ್ 18 ಇದ್ದರೆ ಪ್ರತಿ ಹೋಲಿಗೂ ಒಂದು ಹೊಡೆತ ನಿಮ್ಮ ಲೆಕ್ಕದಲ್ಲೇ ಇದೆ. ಬೋಗಿಯೇ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ನಿಮ್ಮ ಪಾರ್.

ಟೈಗರ್ ವುಡ್ಸ್ 2000ರ ಯುಎಸ್ ಓಪನ್‌ನಲ್ಲಿ, ಪೆಬಲ್ ಬೀಚ್‌ನಲ್ಲಿ, ಮೂರನೇ ಸುತ್ತಿನ ಮೂರನೇ ಹೋಲ್‌ನಲ್ಲಿ ಟ್ರಿಪಲ್ ಬೋಗಿ ಹೊಡೆದ. ಪಾರ್ 4ಕ್ಕೆ 7. ಆ ಪಂದ್ಯ ಗೆದ್ದದ್ದು 15 ಹೊಡೆತಗಳ ಅಂತರದಿಂದ.

ಬೋಗಿರಾಯ
ಭುಜದ ವಿಷಯ ಈಗ ಗೊತ್ತಾಯ್ತು, ಥ್ಯಾಂಕ್ಸ್. ಹತ್ತಿರದ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸೋ ಹೊಡೆತ) ತಪ್ಪಿದಾಗಲೂ ಹೀಗೇ ಆಗುತ್ತೆ. 8 ಅಡಿಯದ್ದು ತಪ್ಪಿದ್ರೆ ತಡೆಯೋಕಾಗಲ್ಲ.

ಪಟರ್‌ಪಂಡಿತ
8 ಅಡಿಯಿಂದ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರೇ ಹಾಕೋದು ಸುಮಾರು ಅರ್ಧದಷ್ಟು. ಅದು ತಪ್ಪಿದ್ದಕ್ಕೆ ಸ್ಟ್ರೋಕ್ ಬದಲಾಯಿಸಬೇಡಿ. 30 ಅಡಿಯಿಂದ ಮೂರು ಪಟ್ ಆಗದ ಹಾಗೆ ನೋಡಿಕೊಳ್ಳಿ. ಹೋಲಿನ ಸುತ್ತ 3 ಅಡಿಗೆ ನಾಲ್ಕು ಟೀ ಮೊಳೆ ಚುಚ್ಚಿ, 30 ಅಡಿಯಿಂದ ಹತ್ತು ಚೆಂಡು, ಎಷ್ಟು ಒಳಗೆ ನಿಂತವು ಅಂತ ಎಣಿಸಿ. ಐದು ಸುತ್ತಿನ ಸ್ಕೋರ್‌ಕಾರ್ಡ್‌ನಲ್ಲಿ ಪ್ರತಿ ಡಬಲ್ ಬೋಗಿಯ ಪಕ್ಕ ಒಂದು ಅಕ್ಷರ ಹಾಕಿ: ಪೆನಾಲ್ಟಿಗೆ ಪೆ, ಮೂರು ಪಟ್‌ಗೆ ಮೂ, ಗ್ರೀನ್ ಪಕ್ಕದಿಂದ ಎರಡು ಸಲ ಚಿಪ್ (ಚಿಕ್ಕ ಹೊಡೆತ) ಮಾಡಿದ್ದಕ್ಕೆ ಚಿ. ಯಾವುದು ಜಾಸ್ತಿ ಬಂತು ಅಂತ ಇಲ್ಲೇ ಹಾಕಿ, ಅಲ್ಲಿಂದ ಮುಂದೆ ನೋಡೋಣ.