ಆಪ್ತಸಮಾಲೋಚಕಿಗೆ ಕೇಳಿ: ವಿಶೇಷ ಅಗತ್ಯದ ಮಕ್ಕಳು, ಹರೆಯ, ಮನೆಮಂದಿ

ಆಪ್ತಸಮಾಲೋಚಕಿ: ಎಲ್ಲರಿಗೂ ನಮಸ್ಕಾರ. ಇವತ್ತು ಎರಡು ಗಂಟೆ ಹೊತ್ತು ಇಲ್ಲಿರುತ್ತೇನೆ. ಮಗುವಿನ ವಯಸ್ಸು, ಏನು ಬದಲಾಯಿತು, ಯಾವಾಗಿನಿಂದ, ಇಷ್ಟು ಬರೆದು ಕೇಳಿ. ಹೆಸರು, ಫೋಟೋ ಹಾಕಬೇಡಿ. ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವುದಿಲ್ಲ.

ಹೊಸ ಅಮ್ಮ: ಮೇಡಂ, ಮಗನಿಗೆ ಎರಡೂವರೆ ವರ್ಷ. ಒಂದು ಮಾತೂ ಬಂದಿಲ್ಲ. ಅವರಪ್ಪನೂ ತಡವಾಗಿ ಮಾತಾಡಿದ್ದು, ಸುಮ್ನೆ ಕಾಯಿ ಅಂತಾರೆ ಅತ್ತೆ. ಕಾಯಬಹುದಾ?

ಆಪ್ತಸಮಾಲೋಚಕಿ: ಕಾಯಬೇಡಿ. ಮೊದಲು ಕಿವಿ ಪರೀಕ್ಷೆ. "ಕರೆದರೆ ತಿರುಗುತ್ತಾನೆ" ಅನ್ನುವುದು ಲೆಕ್ಕಕ್ಕಿಲ್ಲ, ಅರ್ಧಂಬರ್ಧ ಕೇಳಿಸುವ ಮಗುವೂ ತಿರುಗುತ್ತದೆ. ಆಮೇಲೆ ಮಕ್ಕಳ ಡಾಕ್ಟರ್, ಸ್ಪೀಚ್ ಥೆರಪಿಸ್ಟ್. ಏನಾದರೂ ಕಂಡಾಗ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಾನಾ? ಅದನ್ನು ಗಮನಿಸಿ ಅವರಿಗೆ ಹೇಳಿ. ಸಮಸ್ಯೆಗೆ ಹೆಸರಿಡುವ ತನಕ ಥೆರಪಿ ನಿಲ್ಲಿಸಿಕೊಂಡು ಕೂರಬೇಕಿಲ್ಲ.

ದಿನಕ್ಕೊಂದು ಮಾಹಿತಿ: ಫಾರ್ವರ್ಡ್ ಬಂದಿದ್ದು: "ಆಟಿಸಂಗೆ ರಾಮಬಾಣ! ಮೈಯೊಳಗಿನ ಲೋಹದ ವಿಷ ತೆಗೆಯುವ ಹನಿ. 21 ದಿನದಲ್ಲಿ ಮಾತು ಗ್ಯಾರಂಟಿ. ಹತ್ತು ಜನಕ್ಕೆ ಕಳಿಸಿ."

ಆಪ್ತಸಮಾಲೋಚಕಿ: ಇದನ್ನು ಯಾರೂ ಕೊಡಬೇಡಿ. ಲೋಹ ತೆಗೆಯುತ್ತೇವೆ ಅಂತ ಚಿಕಿತ್ಸೆ ಕೊಟ್ಟು 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಸತ್ತ. ರಕ್ತದ ಕ್ಯಾಲ್ಸಿಯಂ ಇಳಿದು ಹೃದಯ ನಿಂತಿತು. ಆಟಿಸಂ ಅಂದರೆ ಮಗುವಿನ ಮಾತು, ಜನರೊಂದಿಗೆ ಬೆರೆಯುವ ರೀತಿ ಬೇರೆಯಾಗಿ ಬೆಳೆಯುವುದು. ಅದು ಲೋಹದ ವಿಷದಿಂದ ಬರುವುದಲ್ಲ, ತೆಗೆಯಲು ಅಲ್ಲಿ ಏನೂ ಇಲ್ಲ.

ಇಬ್ಬರ ಅಮ್ಮ: ಮೇಡಂ, ಮಗಳಿಗೆ 17 ವರ್ಷ, ಡೌನ್ ಸಿಂಡ್ರೋಮ್. ದಿನಾ ಸಂಜೆ ಬಾಗಿಲ ಹತ್ತಿರದ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ ಇಡೋಳು. ಒಂದು ತಪ್ಪಿದರೂ ನಮ್ಮನ್ನು ಬೈಯೋಳು. ಮೂರು ತಿಂಗಳಿಂದ ಆ ಕಡೆ ನೋಡುವುದೂ ಇಲ್ಲ. ಮಾತು ಕಡಿಮೆಯಾಯಿತು, ಈಗ ಪಿಸುಗುಟ್ಟುತ್ತಾಳೆ ಅಷ್ಟೆ. ಬಾತ್‌ರೂಮಿನ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಹತ್ತು ನಿಮಿಷ ಹಾಗೇ ನಿಂತಿರುತ್ತಾಳೆ. ಒಬ್ಬರು ಡಾಕ್ಟರಿಗೆ ತೋರಿಸಿದೆವು. "ಇಂಥ ಮಕ್ಕಳು ದೊಡ್ಡವರಾದ ಹಾಗೆ ಮಂಕಾಗ್ತಾರೆ" ಅಂದು ಕಳಿಸಿದರು.

ನೇರ ಮಾತು: ಮುದ್ದು ಮಾಡಿ ಮಾಡಿ ಹೀಗಾಗಿರೋದು. ಸ್ವಲ್ಪ ಗದರಿಸಿ, ಸರಿ ಹೋಗುತ್ತಾಳೆ.

ಆಪ್ತಸಮಾಲೋಚಕಿ: ನೇರ ಮಾತು ಅವರೇ, ದಯವಿಟ್ಟು ಇದರಲ್ಲಿ ಬಾಯಿ ಹಾಕಬೇಡಿ.

ಅಮ್ಮಾ, ನೀವು ಹೇಳಿದ್ದು ನನಗೆ ದಿಗಿಲು ಹುಟ್ಟಿಸಿತು. ಡೌನ್ ಸಿಂಡ್ರೋಮ್ ಅವಳಿಗೆ ಹುಟ್ಟಿನಿಂದ ಇದೆ. ಮೂರು ತಿಂಗಳ ಹಿಂದೆ ಬಂದಿದ್ದು ಬೇರೆ ಏನೋ. ಹಳೆಯ ಹಣೆಪಟ್ಟಿಯ ಹಿಂದೆ ಹೊಸ ಕಾಯಿಲೆ ಅಡಗಿ ಕೂರುತ್ತದೆ, ಡಾಕ್ಟರುಗಳೂ ಎಷ್ಟೋ ಸಲ ಮೋಸ ಹೋಗುತ್ತಾರೆ. 17ನೇ ವಯಸ್ಸಿಗೆ ಮಂಕಾಗುವುದು ಅವಳ ಹಣೆಬರಹ ಅಲ್ಲ.

ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಜಾಸ್ತಿ. ನಿದ್ದೆಯಲ್ಲಿ ಉಸಿರು ಕಟ್ಟುವುದು ಜಾಸ್ತಿ. ಕಿವಿ, ಕಣ್ಣು ಮಂದವಾಗುವುದೂ ಇದೆ. ಕುತ್ತಿಗೆಯ ಮೇಲಿನ ಮೂಳೆ ಸಡಿಲವಿದ್ದು ನರ ಒತ್ತಿದರೆ ನಡಿಗೆ ಕೆಡುತ್ತದೆ. ಹಲ್ಲು ನೋವು, ಮಲಬದ್ಧತೆ ಕೂಡ ಬಾಯಿಬಿಟ್ಟು ಹೇಳಲಾಗದ ಮಗುವನ್ನು ಮೂಲೆಗೆ ತಳ್ಳಿಬಿಡುತ್ತವೆ. ಇದೆಲ್ಲ ಮೈಯ ಕಡೆಯದು.

ಮನಸ್ಸಿನ ಕಡೆ ಹೇಳುವುದಾದರೆ, ಖಿನ್ನತೆ ಬಂದರೆ ಇವರು "ಬೇಜಾರಾಗಿದೆ" ಅನ್ನುವುದಿಲ್ಲ. ಮಾಡುತ್ತಿದ್ದ ಕೆಲಸ ಬಿಡುತ್ತಾರೆ. ನಿಮ್ಮ ಮನೆಯಲ್ಲಿ ಚಪ್ಪಲಿ ಬಿಟ್ಟ ಹಾಗೆ. ಆದರೆ ಹೊಸ್ತಿಲಲ್ಲಿ ನಿಂತುಬಿಡುವುದು, ಪಿಸುಮಾತು, ಇವು ಬರೀ ದುಃಖದ ಗುರುತಲ್ಲ. ಕ್ಯಾಟಟೋನಿಯಾ ಅಂತ ಒಂದಿದೆ. ಮಾಡಬೇಕು ಅಂತ ಮನಸ್ಸಿದ್ದರೂ ಮೈ ಹೊರಡುವುದಿಲ್ಲ. ನೋಡುವವರಿಗೆ ಹಟ ಅನಿಸುತ್ತದೆ. ಅದು ಹಟ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ, ಬೇಗ ಶುರುವಾದಷ್ಟು ಒಳ್ಳೆಯದು. ಅದೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಮನೋವೈದ್ಯರು ನೋಡಿಯೇ ಹೇಳಬೇಕು.

ಇಷ್ಟಕ್ಕೆ ಉತ್ತರ ಕೊಡಿ: ತುತ್ತು ಎತ್ತಿ ಅರ್ಧದಲ್ಲಿ ನಿಲ್ಲಿಸುತ್ತಾಳಾ? ನೀರು ಎಷ್ಟು ಕುಡಿಯುತ್ತಾಳೆ? ತೂಕ ಇಳಿದಿದೆಯಾ? ಗೊರಕೆ ಇದೆಯಾ? ಹೊಸ ಮಾತ್ರೆ ಏನಾದರೂ? ಆ ಹೊತ್ತಿಗೆ ಮನೆಯಿಂದ ಯಾರಾದರೂ ದೂರ ಹೋದರಾ? ಯಾರಾದರೂ ಹೊಡೆದರಾ, ಮುಟ್ಟಬಾರದ ರೀತಿ ಮುಟ್ಟಿದರಾ? ಕೊನೆಯದನ್ನು ಇಲ್ಲಿ ಬರೆಯಬೇಡಿ, ನನಗೆ ಖಾಸಗಿಯಾಗಿ ಕಳಿಸಿ.

ತಂಗಿ 19: ನನಗೆ 19, ಅಣ್ಣನಿಗೆ ಆಟಿಸಂ. ನಮ್ಮ ನಂತರ ನೀನೇ ನೋಡಿಕೋಬೇಕು ಅಂತ ಅಪ್ಪ ಅಮ್ಮ ದಿನಾ ಹೇಳ್ತಾರೆ. ಅಣ್ಣ ಅಂದ್ರೆ ಪ್ರಾಣ. ಆದರೂ ಈ ಮಾತು ಕೇಳಿದಾಗೆಲ್ಲ ಉಸಿರು ಕಟ್ಟುತ್ತೆ. ನಾನು ಸ್ವಾರ್ಥಿನಾ?

ನೇರ ಮಾತು: ಹೌದು. ಒಡಹುಟ್ಟಿದವರು ಇನ್ಯಾಕಿರೋದು?

ತಂಗಿ 19: ನಿಮ್ಮನ್ನು ಕೇಳಲಿಲ್ಲ.

ನೇರ ಮಾತು: ಇದು ಎಲ್ಲರ ಗ್ರೂಪು. ತಾಯಂದಿರು ಮೊಬೈಲ್ ಹಿಡಿದು ಕೂತರೆ ಮಕ್ಕಳಿಗೆ ಆಟಿಸಂ ಬರದೆ ಇನ್ನೇನು ಬರುತ್ತೆ? ಸತ್ಯ ಹೇಳಿದರೆ ಉರಿ.

ಎರಡು ಪಾಳಿ ಅಪ್ಪ: ಸ್ವಾಮಿ, ನಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ಕೂರೋನು ನಾನು. ಬೈಯೋದಾದರೆ ನನ್ನ ಬೈಯಿರಿ.

ಆಪ್ತಸಮಾಲೋಚಕಿ: ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಅಂತ 1950, 60ರ ದಶಕದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದರು. ಎಷ್ಟು ಹೆಂಗಸರನ್ನು ಅಳಿಸಿದ ಮಾತು ಅದು. 1977ರಲ್ಲಿ ಬ್ರಿಟನ್ನಿನಲ್ಲಿ ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೋಡಿಗಳನ್ನು ನೋಡಿದರು. ವಂಶವಾಹಿ ಒಂದೇ ಇರುವ ತದ್ರೂಪಿ ಅವಳಿಗಳ 11 ಜೋಡಿಯಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಯಲ್ಲದ ಉಳಿದ 10 ಜೋಡಿಯಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಸಾಕುವ ರೀತಿಯಿಂದ ಬರುವುದಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಆಮೇಲೆ ಬಂದ ದೊಡ್ಡ ಅಧ್ಯಯನಗಳೂ ವಂಶವಾಹಿಗಳತ್ತಲೇ ಕೈ ತೋರಿಸಿದವು. ಸಾಕು ಬಿಡಿ ಈ ವಿಷಯ.

ತಂಗಿ, ನೀವು ಸ್ವಾರ್ಥಿ ಅಲ್ಲ. "ನೋಡಿಕೋ" ಅನ್ನುವುದು ಒಂದೇ ಕೆಲಸದಂತೆ ಕೇಳಿಸುತ್ತದೆ, ಅದಕ್ಕೇ ಉಸಿರು ಕಟ್ಟುವುದು. ಬಿಡಿಸಿ ಕೇಳಿ. ಅವನು ಎಲ್ಲಿರುತ್ತಾನೆ, ದುಡ್ಡು ಎಲ್ಲಿಂದ, ಔಷಧಿ ಯಾರು, ಭಾನುವಾರ ಯಾರು. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಇದನ್ನು ಹಾಳೆಯ ಮೇಲೆ ಬರೆಸಿ. ನಿಮ್ಮಿಂದ ಆಗುವುದಕ್ಕೆ ಮಾತ್ರ ನಿಮ್ಮ ಹೆಸರು ಹಾಕಿ. ಅಣ್ಣನಿಗೆ ಏನು ಬೇಕು ಅಂತ ಅವನನ್ನೂ ಕೇಳಿ. ಈ ಮಾತುಕತೆಗೆ ಯಾರೂ ಅವನನ್ನು ಕರೆದೇ ಇರುವುದಿಲ್ಲ.

ಎರಡು ಪಾಳಿ ಅಪ್ಪ: ಮೇಡಂ, ಮಗನಿಗೆ 18 ಆಗುತ್ತೆ. ಸಹಿ, ಬ್ಯಾಂಕು, ಇದಕ್ಕೆಲ್ಲ ಏನು ಮಾಡಬೇಕು?

ಮೌನಿ: ಮಗನಿಗೆ 13, ಬುದ್ಧಿಮಾಂದ್ಯತೆ. ಎಲ್ಲರ ಮುಂದೆ ಪ್ಯಾಂಟಿನೊಳಗೆ ಕೈ ಹಾಕುತ್ತಾನೆ. ಕೇಳಕ್ಕೆ ನಾಚಿಕೆ ಆಗುತ್ತೆ.

ಆಪ್ತಸಮಾಲೋಚಕಿ: ನಾಚಿಕೆ ಬೇಡ. ತುರಿಕೆ, ಉರಿ ಇದೆಯಾ ಅಂತ ಮೊದಲು ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ಇದು ವಯಸ್ಸಿನ ಸಹಜ. "ಛೀ" ಅನ್ನಬೇಡಿ, ಹೊಡೆಯಬೇಡಿ. "ಇದು ನಿನ್ನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು" ಅಂತ ಪ್ರತಿ ಸಲವೂ ಅದೇ ಮಾತು ಹೇಳಿ ಅಲ್ಲಿಗೆ ಕರೆದುಕೊಂಡು ಹೋಗಿ. ಚಿತ್ರದ ಕಾರ್ಡ್ ಇಟ್ಟರೆ ಬೇಗ ಹತ್ತುತ್ತದೆ. ಮನೆಯವರೆಲ್ಲ ಒಂದೇ ಮಾತು ಆಡಬೇಕು. ಯಾರು ಎಲ್ಲಿ ಮುಟ್ಟಬಾರದು ಅನ್ನುವುದನ್ನೂ ಇದರ ಜೊತೆಗೇ ಕಲಿಸಿ.

ಕಾತರ: ಮೇಡಂ 3 ವರ್ಷ ಮಾತು ಬಂದಿಲ್ಲ ಏನು ಮಾಡೋದು

ಆಪ್ತಸಮಾಲೋಚಕಿ: ಮೇಲೆ ಬರೆದಿದ್ದೇನೆ.

ಕಾತರ: ಚಿತ್ರದ ಕಾರ್ಡ್ ಕೊಟ್ಟರೆ ಮಾತು ಬರೋದೇ ಇಲ್ಲ ಅಂತಾರಲ್ಲ?

ಆಪ್ತಸಮಾಲೋಚಕಿ: ತಪ್ಪು. ಕಾರ್ಡ್ ಮಾತನ್ನು ತಡೆಯುವುದಿಲ್ಲ. ಕೊಡಿ.

ದಿನಕ್ಕೊಂದು ಮಾಹಿತಿ: ಲಸಿಕೆಯಿಂದಲೇ ಆಟಿಸಂ ಅಂತ ವಿದೇಶಿ ಡಾಕ್ಟರೇ ಬರೆದಿದ್ದಾರೆ. ಓದಿ, ಎಚ್ಚೆತ್ತುಕೊಳ್ಳಿ.

ಆಪ್ತಸಮಾಲೋಚಕಿ: ಆ ಲೇಖನ ಬಂದಿದ್ದು 1998ರಲ್ಲಿ, ನೋಡಿದ್ದು 12 ಮಕ್ಕಳನ್ನು. 2010ರಲ್ಲಿ ಅದನ್ನು ಹಾಕಿದ್ದ ವೈದ್ಯಕೀಯ ಪತ್ರಿಕೆಯೇ ವಾಪಸ್ ಪಡೆಯಿತು. ಮುಖ್ಯ ಲೇಖಕರ ವೈದ್ಯ ನೋಂದಣಿಯೂ ಅದೇ ವರ್ಷ ಹೋಯಿತು. ನೀವು ಇನ್ನೂ ಅದನ್ನೇ ಹಂಚುತ್ತಿದ್ದೀರಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಎದ್ದು ಹೋಗುತ್ತೇನೆ.

ದಿನಕ್ಕೊಂದು ಮಾಹಿತಿ: ಒಳ್ಳೆಯದಕ್ಕೆ ಹೇಳಿದರೆ ಹೀಗೆ. ಓದಿದವರಿಗೆ ಜಂಬ.

ತಂಗಿ 19: ಅಡ್ಮಿನ್ ನಿದ್ದೆ ಮಾಡ್ತಿದ್ದಾರಾ?

ಇಬ್ಬರ ಅಮ್ಮ: ಮೇಡಂ, ತಡವಾಯಿತು, ಅವಳಿಗೆ ತಿನ್ನಿಸುತ್ತಿದ್ದೆ. ಹೌದು, ಚಮಚ ಬಾಯಿ ಹತ್ತಿರ ಬಂದು ನಿಂತುಬಿಡುತ್ತೆ. ನಾನು ಕೈ ತಳ್ಳಬೇಕು. ತೂಕ 6 ಕಿಲೋ ಇಳಿದಿದೆ. ಮೊದಲಿಂದ ಗೊರಕೆ ಇದೆ. ಹೊಸ ಮಾತ್ರೆ ಇಲ್ಲ. ಅವಳ ಅಣ್ಣ ಓದಲು ಬೇರೆ ಊರಿಗೆ ಹೋಗಿ ನಾಲ್ಕು ತಿಂಗಳಾಯಿತು. ಅವನ ಚಪ್ಪಲಿ ಅವಳೇ ಮೊದಲು ಜೋಡಿಸೋಳು. ನೆನ್ನೆಯಿಂದ ಅರ್ಧ ಲೋಟ ನೀರು ಮಾತ್ರ ಒಳಗೆ ಹೋಗಿದೆ. ಕೊನೆಯದಕ್ಕೆ ನಿಮಗೆ ಕಳಿಸಿದ್ದೇನೆ.

ಆಪ್ತಸಮಾಲೋಚಕಿ: ನೋಡಿದೆ. ಅಣ್ಣ ಹೋದದ್ದು ದೊಡ್ಡ ವಿಷಯ. ಅವನು ಬರುವ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು, ದಿನಾ ಒಂದೇ ಹೊತ್ತಿಗೆ ವಿಡಿಯೋ ಕರೆ, ಇದನ್ನೆಲ್ಲ ಆಮೇಲೆ ಕೂತು ಮಾಡೋಣ. ಈಗ ಬೇಡ. ಎರಡು ದಿನಕ್ಕೆ ಅರ್ಧ ಲೋಟ ನೀರು ಅಂದರೆ ನಾಳೆಯ ತನಕ ಕಾಯುವ ಹಾಗಿಲ್ಲ. ಮೈ ಬಿಸಿ ಇದೆಯಾ, ಕೈಕಾಲು ಮಡಚಲು ಹೋದರೆ ಬಿಗಿಯಾಗಿದೆಯಾ ನೋಡಿ. ಇದ್ದರೂ ಇಲ್ಲದಿದ್ದರೂ ಈಗಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಮಲಗಿಸಿ ನೀರು ಬಾಯಿಗೆ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ: ಮೂರು ತಿಂಗಳ ಹಿಂದೆ ಏನೇನು ಮಾಡುತ್ತಿದ್ದಳು, ಈಗ ಏನು ಮಾಡುತ್ತಾಳೆ. ಹೊಸ್ತಿಲಲ್ಲಿ ನಿಂತದ್ದು, ಅವಳು ಹಿಂದೆ ನಗುತ್ತಾ ಮಾತಾಡಿದ್ದು, ಎರಡೂ ವಿಡಿಯೋ ತೋರಿಸಿ. "ಇಂಥ ಮಕ್ಕಳು ಹೀಗೇ" ಅಂದರೆ ಒಪ್ಪಬೇಡಿ. "ಇದು ಹೊಸದು, ಕ್ಯಾಟಟೋನಿಯಾ ಇರಬಹುದಾ ನೋಡಿ, ಮನೋವೈದ್ಯರನ್ನು ಕರೆಸಿ" ಅನ್ನಿ.

ನೇರ ಮಾತು: ಸುಮ್ನೆ ಹೆದರಿಸ್ತಾರೆ. ನನ್ನ ನೆಂಟರ ಮಗು ಹೀಗೇ ಇತ್ತು, ತಾನೇ ಸರಿ ಹೋಯಿತು.

ಎರಡು ಪಾಳಿ ಅಪ್ಪ: ನಿಮಗೆ ಬೇರೆ ಕೆಲಸ ಇಲ್ವಾ?

ನೇರ ಮಾತು: ನಿನಗಿದ್ದರೆ ಹೋಗಿ ಮಾಡು.

ಆಪ್ತಸಮಾಲೋಚಕಿ: ಇಬ್ಬರೂ ಬಾಯಿ ಮುಚ್ಚಿ. ಅಮ್ಮಾ, ಹೊರಟ್ರಾ?

ಇಬ್ಬರ ಅಮ್ಮ: ಗಾಡಿಯಲ್ಲಿದ್ದೇವೆ. ಚಪ್ಪಲಿ ಹಾಕಿಕೊಳ್ಳಲು ಕಾಲು ಗಂಟೆ ಆಯಿತು, ಕೊನೆಗೆ ಎತ್ತಿಕೊಂಡೇ ಬಂದೆವು. ಹಾಳೆ ತಂದಿದ್ದೇನೆ.

ಆಪ್ತಸಮಾಲೋಚಕಿ: ನನ್ನ ನಂಬರ್ ಕಳಿಸಿದ್ದೇನೆ. ಅಲ್ಲಿನ ಡಾಕ್ಟರ್ ಸಿಕ್ಕ ತಕ್ಷಣ ಫೋನ್ ಮಾಡಿ ಕೊಡಿ.

ಕಾತರ: ಮೇಡಂ ಕಿವಿ ಪರೀಕ್ಷೆ ಮಾಡಿಸದೆ ಥೆರಪಿ ಶುರು ಮಾಡಿದ್ರೆ ಆಗಲ್ವಾ?

ಹೊಸ ಅಮ್ಮ: ಮಾಡಿಸಿ. ನಾವು ನಾಳೆ ಹೋಗ್ತಿದ್ದೀವಿ.