ಬೆಂಕಿ ಹಚ್ಚುವವರ ಕಥೆ ‘ಸ್ಮೋಕ್’: ಅಪ್ಪನ ಜೊತೆ ಕೂತು ನೋಡಬಹುದಾ?

ವಿಜಯನಗರದಿಂದ, ಕೇಳಿದವರು:

ಆ್ಯಪಲ್ ಟಿವಿಯಲ್ಲಿ 2025ರಲ್ಲಿ ಬಂದ ‘ಸ್ಮೋಕ್’ ನೋಡಿದವರು ಯಾರಾದರೂ ಇದ್ದೀರಾ? ನಮ್ಮ ಅಪ್ಪ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಬೆಂಕಿ ಆರಿಸುವ ಸುದ್ದಿ ಏನು ಬಂದರೂ ಟಿವಿ ಮುಂದಿನಿಂದ ಏಳುವುದಿಲ್ಲ. ಮೊದಲ ಎಪಿಸೋಡ್ ನಾನೊಬ್ಬಳೇ ನೋಡಿದೆ, ತುಂಬಾ ನಿಧಾನ ಅನ್ನಿಸಿತು. ಇಲಾಖೆಯವರನ್ನೇ ಕೆಟ್ಟದಾಗಿ ತೋರಿಸಿದ್ದಾರೆ ಅಂತ ಯಾರೋ ಹೇಳಿದರು. ಅಪ್ಪನ ಜೊತೆ ಕೂತು ನೋಡಬಹುದಾ? ಅವರ ಮನಸ್ಸಿಗೆ ನೋವಾಗಬಾರದು ಅನ್ನುವುದಷ್ಟೇ ನನ್ನ ಚಿಂತೆ. ನೋಡಿದವರು ದಯವಿಟ್ಟು ಹೇಳಿ.

ರಾಜಾಜಿನಗರದಿಂದ:

ಎರಡನೇ ಎಪಿಸೋಡ್ ಮುಗಿಯುವವರೆಗೆ ನಿರ್ಧಾರ ಮಾಡಬೇಡಿ. ಮೊದಲನೆಯದು ನಿಧಾನ ಅನ್ನುವುದು ನಿಜ. ಎರಡನೆಯದರ ಕೊನೆಯ ಕೆಲವು ನಿಮಿಷ ನೋಡಿದ ಮೇಲೆ ಮೊದಲನೆಯದನ್ನು ಮತ್ತೆ ಹಾಕಿ ನೋಡಬೇಕು ಅನ್ನಿಸುತ್ತೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಮಾಡಿದೆವು. ಒಟ್ಟು 9 ಎಪಿಸೋಡ್.

ಬಸವನಗುಡಿಯಿಂದ:

ಎರಡನೇ ಎಪಿಸೋಡ್ ನೋಡಿಲ್ಲದವರು ಇದನ್ನು ಬಿಟ್ಟು ಮುಂದೆ ಹೋಗಿ. ಆದರೆ ಕೇಳಿದವರಿಗೆ ಇದು ಗೊತ್ತಿರಲೇಬೇಕು, ಅವರ ಪ್ರಶ್ನೆ ನಿಂತಿರುವುದೇ ಇದರ ಮೇಲೆ.

ಕಥೆ ನಡೆಯುವುದು ಅಮೆರಿಕದ ಒಂದು ಕಲ್ಪಿತ ಊರಲ್ಲಿ. ಅಲ್ಲಿ ಇಬ್ಬರು ಬೇರೆ ಬೇರೆಯಾಗಿ ಬೆಂಕಿ ಹಚ್ಚುತ್ತಾ ಇದ್ದಾರೆ. ತನಿಖೆ ಮಾಡುವವನು ಡೇವ್ ಗುಡ್ಸೆನ್, ಹಿಂದೆ ಬೆಂಕಿ ಆರಿಸಲು ಹೋಗುತ್ತಿದ್ದವನು. ಟ್ಯಾರನ್ ಎಜರ್ಟನ್ ಆ ಪಾತ್ರ ಮಾಡಿದ್ದಾರೆ. ಅವನ ಜೊತೆಗೆ ಬರುವ ಪೊಲೀಸ್ ಡಿಟೆಕ್ಟಿವ್ ಮಿಶೆಲ್ ಆಗಿ ಜರ್ನಿ ಸ್ಮಾಲೆಟ್. ಆ ಇಬ್ಬರಲ್ಲಿ ಒಬ್ಬ ಡೇವ್ ಅಂತ ಎರಡನೇ ಎಪಿಸೋಡಿನಲ್ಲೇ ಗೊತ್ತಾಗಿಬಿಡುತ್ತೆ. ಹಾಗಾಗಿ ‘ಯಾರು ಮಾಡಿದ್ದು’ ಅಂತ ಕೊನೆವರೆಗೆ ಕಾಯುವ ಕಥೆ ಅಂದ್ಕೊಂಡು ಕೂತರೆ ಬೇಜಾರಾಗುತ್ತೆ. ತಾನೇ ಹಚ್ಚಿದ ಬೆಂಕಿಯ ತನಿಖೆಗೆ ತಾನೇ ಹೋಗಿ, ಎದುರಿಗಿರುವವರಿಗೆ ಪಾಠ ಹೇಳುವ ಮನುಷ್ಯನನ್ನು ನೋಡುವುದೇ ಇಲ್ಲಿರುವ ಕಥೆ. ಅವನು ಒಂದು ಕಾದಂಬರಿ ಬೇರೆ ಬರೆಯುತ್ತಾ ಇರುತ್ತಾನೆ. ಅದರ ನಾಯಕನೂ ಅವನ ಥರದವನೇ.

ಇನ್ನೊಬ್ಬ ಫ್ರೆಡ್ಡಿ. ಕರಿದ ಚಿಕನ್ ಅಂಗಡಿಯಲ್ಲಿ ಕಾದ ಎಣ್ಣೆ ಮುಂದೆ ನಿಂತು ಕೆಲಸ ಮಾಡುವವನು. ಮಾತೇ ಇಲ್ಲ. ಮೇಲಿನ ಕೆಲಸ ಸಿಗಬಹುದು ಅಂತ ಆಸೆ ಇಟ್ಟುಕೊಂಡಿರುತ್ತಾನೆ, ಸಿಗಲ್ಲ. ಅವನ ಮುಖದಲ್ಲಿ ಆಸೆ ಬಂದು ಹೋಗುವುದನ್ನು ನ್ಟಾರೆ ಮ್ವೀನೆ ತೋರಿಸಿರುವ ರೀತಿಗೆ ನಾನು ಟಿವಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅವನು ಮಾಡುವುದು ಘೋರ. ಆದರೂ ಅವನ ಒಂಟಿತನ ನೋಡಲಾಗುವುದಿಲ್ಲ. ಇಡೀ ಸೀರೀಸ್‌ನಲ್ಲಿ ನನ್ನ ಪ್ರಕಾರ ಅತ್ಯುತ್ತಮ ನಟನೆ ಅದೇ.

ಈಗ ನಿಮ್ಮ ಅಪ್ಪನ ವಿಷಯ. ಇಲಾಖೆಗೆ ಸೇರಿದವನೇ ಅಪರಾಧಿ ಅನ್ನುವುದು ನಿಜ. ಆದರೆ ಅದು ಬರೆದವರು ಹೊಸೆದದ್ದಲ್ಲ. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಜಾನ್ ಓರ್ ಅಂತ ಒಬ್ಬ ಅಗ್ನಿಶಾಮಕ ಕ್ಯಾಪ್ಟನ್ ಇದ್ದ. ಬೆಂಕಿ ಪ್ರಕರಣಗಳ ತನಿಖೆಯಲ್ಲಿ ಹೆಸರು ಮಾಡಿದವನು. ಅವನ ಕಥೆಯಿಂದಲೇ ಈ ಸೀರೀಸ್ ಹುಟ್ಟಿದ್ದು. 1984ರ ಅಕ್ಟೋಬರ್ 10ರಂದು ಸೌತ್ ಪ್ಯಾಸಡೀನಾದ ಒಂದು ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಬೆಂಕಿ ಬಿದ್ದು 4 ಜನ ಸತ್ತರು. ಅವರಲ್ಲಿ ಅಜ್ಜಿಯ ಜೊತೆ ಬಂದಿದ್ದ 2 ವರ್ಷದ ಮಗುವೂ ಇತ್ತು. ವೈರಿಂಗ್‌ನಿಂದ ಆದದ್ದು ಅಂತ ಮೊದಲು ಬರೆದುಕೊಂಡರು. ಬೆಂಕಿ ಹಚ್ಚುವ ಫೈರ್‌ಮನ್ ಒಬ್ಬನ ಬಗ್ಗೆ ಓರ್ ಕೂಡ ಕಾದಂಬರಿ ಬರೆದಿದ್ದ. ಕೋರ್ಟಿನಲ್ಲಿ ಅದನ್ನೇ ಅವನ ವಿರುದ್ಧ ಮುಂದಿಟ್ಟರು. 1998ರಲ್ಲಿ ಆ 4 ಕೊಲೆಗಳಿಗೆ ಅವನಿಗೆ ಜೀವಾವಧಿ ಶಿಕ್ಷೆ ಆಯಿತು.

ಅಪ್ಪನಿಗೆ ಹೇಳಬೇಕಾದದ್ದು ಇನ್ನೊಂದಿದೆ. ಅವನ ಮೇಲೆ ಮೊದಲು ಕಣ್ಣು ಹಾಕಿದ್ದೂ ಒಬ್ಬ ಅಗ್ನಿಶಾಮಕ ಅಧಿಕಾರಿಯೇ, ಬೇಕರ್ಸ್‌ಫೀಲ್ಡ್‌ನ ಮಾರ್ವಿನ್ ಕೇಸಿ. 1987ರ ಜನವರಿಯಲ್ಲಿ ಫ್ರೆಸ್ನೊದಲ್ಲಿ ಬೆಂಕಿ ತನಿಖಾಧಿಕಾರಿಗಳ ಸಮ್ಮೇಳನ ನಡೆಯಿತು. ಅದೇ ಹೊತ್ತಿಗೆ ಸುತ್ತಲಿನ ಊರುಗಳ ಅಂಗಡಿಗಳಿಗೆ ಸಾಲಾಗಿ ಬೆಂಕಿ. ಸಮ್ಮೇಳನಕ್ಕೆ ಬಂದವರಲ್ಲೇ ಒಬ್ಬನ ಕೆಲಸ ಇದು ಅಂತ ಕೇಸಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೂರ್ತಿ ಸುಡದೆ ಉಳಿದ ಒಂದು ನೋಟ್‌ಬುಕ್ ಹಾಳೆಯ ಚೂರಿನ ಮೇಲೆ ಬೆರಳಚ್ಚು ಇತ್ತು. ಅದನ್ನು ಕೇಸಿ ಬಿಡಲಿಲ್ಲ. 1991ರಲ್ಲಿ ಅದು ಓರ್‌ನ ಬೆರಳಿಗೆ ತಾಳೆಯಾಯಿತು. ಸ್ವಂತ ಇಲಾಖೆಯವರ ಮೇಲೆ ಅನುಮಾನ ಪಡುವುದಕ್ಕೆ ಎಷ್ಟು ಗಟ್ಟಿ ಗುಂಡಿಗೆ ಬೇಕು ಯೋಚಿಸಿ. ಈ ಕೇಸಿಯ ಕಥೆ ಹೇಳಿಯೇ ಅಪ್ಪನನ್ನು ಕೂರಿಸಿ.

ಮಲ್ಲೇಶ್ವರದಿಂದ:

ನನಗೆ ಅಷ್ಟು ಹಿಡಿಸಲಿಲ್ಲ. ಮೊದಲ ಐದಾರು ಎಪಿಸೋಡ್ ಚೆನ್ನಾಗಿವೆ. ಆಮೇಲೆ ಮಿಶೆಲ್ ತೆಗೆದುಕೊಳ್ಳುವ ನಿರ್ಧಾರಗಳನ್ನು ನಂಬುವುದು ಕಷ್ಟ. ಕೊನೆಯದಂತೂ ತೀರಾ ಅತಿ. ತನಿಖೆಯ ವಿಜ್ಞಾನಕ್ಕೆ ಇನ್ನೂ ಜಾಗ ಕೊಡಬೇಕಿತ್ತು. ಅದರಲ್ಲಿ ಎಷ್ಟೊಂದು ಇದೆ ಗೊತ್ತಾ? ಗಾಜಿನ ಮೇಲೆ ಬಲೆಯಂತೆ ಸಣ್ಣ ಬಿರುಕುಗಳಿದ್ದರೆ ಪೆಟ್ರೋಲ್ ಥರದ್ದು ಏನೋ ಸುರಿದಿದ್ದಾರೆ ಅಂತ ಅಮೆರಿಕದಲ್ಲಿ ವರ್ಷಗಟ್ಟಲೆ ಸಾಕ್ಷಿ ಹೇಳುತ್ತಿದ್ದರು. ಬಿಸಿ ಗಾಜಿಗೆ ಹೋಸ್‌ನ ನೀರು ಬಿದ್ದರೂ ಹಾಗೇ ಬಿರುಕು ಬಿಡುತ್ತೆ ಅಂತ ಆಮೇಲೆ ಪ್ರಯೋಗಗಳಲ್ಲಿ ಗೊತ್ತಾಯಿತು. 1992ರಲ್ಲಿ ಎನ್‌ಎಫ್‌ಪಿಎ 921 ಅನ್ನುವ, ಬೆಂಕಿ ತನಿಖೆ ಹೇಗೆ ಮಾಡಬೇಕು ಅಂತ ಹೇಳುವ ಕೈಪಿಡಿ ಬಂತು. ಆಮೇಲೆ ಇಂಥ ಹಳೆಯ ನಂಬಿಕೆಗಳು ಒಂದೊಂದಾಗಿ ಬಿದ್ದವು. ತಪ್ಪು ಸಾಕ್ಷಿಯಿಂದ ಜೈಲಿಗೆ ಹೋದವರಿದ್ದಾರೆ. ಡೇವ್ ‘ನಾನು ಹೇಳಿದ್ದೇ ಸರಿ’ ಅಂತ ಮಾತಾಡುವಾಗಲೆಲ್ಲ ನನಗೆ ಅದೇ ನೆನಪಾಗುತ್ತಿತ್ತು.

ಯಶವಂತಪುರದಿಂದ:

ನಮ್ಮ ಯಜಮಾನರು ಈಗಲೂ ಫೈರ್ ಸ್ಟೇಷನ್‌ನಲ್ಲಿದ್ದಾರೆ. ರಜೆಯ ದಿನ ಇಬ್ಬರೂ ಕೂತು ನೋಡಿದೆವು. ನೋವಾಗುತ್ತಾ ಅಂತ ನನಗೂ ಅಳುಕಿತ್ತು. ಡೇವ್ ಸಿಕ್ಕಿಬೀಳುವುದನ್ನು ಅವರು ನನಗಿಂತ ಜಾಸ್ತಿ ಕಾಯುತ್ತಿದ್ದರು.

ಅವರ ತಕರಾರು ಬೇರೆ. ಬೆಂಕಿ ಬಿದ್ದ ಕೋಣೆಯೊಳಗೆ ಅಷ್ಟು ಬೆಳಕು ಎಲ್ಲಿರುತ್ತೆ ಅಂತ ಕೇಳಿದರು. ಒಳಗೆಲ್ಲ ಕಪ್ಪು ಹೊಗೆ, ನಿನ್ನ ಕೈ ನಿನಗೆ ಕಾಣಲ್ಲ ಅಂದರು. ಬೆನ್ನಿಗೆ ಬಿಎ ಸೆಟ್ (ಉಸಿರಾಡಲು ಗಾಳಿ ತುಂಬಿದ ಸಿಲಿಂಡರ್, ಮುಖವಾಡ) ಹಾಕಿಕೊಂಡು, ಮಂಡಿಯೂರಿ, ಗೋಡೆ ಮುಟ್ಟಿಕೊಂಡೇ ಹೋಗಬೇಕು. ವಾಪಸ್ ಬರುವ ದಾರಿ ತಪ್ಪಿದರೆ ಹೋಸ್‌ನ ಜೋಡಣೆಯನ್ನು ಕೈಯಲ್ಲಿ ತಡವಿ ಯಾವ ಕಡೆ ಹೊರಗೆ ಅಂತ ಕಂಡುಕೊಳ್ಳಬೇಕು. ಇಷ್ಟು ವರ್ಷ ಸಂಸಾರ ಮಾಡಿದರೂ ಇದನ್ನು ಅವರು ನನಗೆ ಹೇಳಿರಲಿಲ್ಲ. ಸೀರೀಸ್ ನಿಲ್ಲಿಸಿ, ನಮ್ಮ ಹಾಲ್‌ನಲ್ಲೇ ಮಂಡಿಯೂರಿ ತೋರಿಸಿದರು.

ಅಗ್ನಿಶಾಮಕದವನ ಹತ್ತಿರ ಪಿಸ್ತೂಲು ಯಾಕೆ ಅಂತ ನಾನು ಕೇಳಿದೆ. ಕ್ಯಾಲಿಫೋರ್ನಿಯಾದಂಥ ಕಡೆ ಬೆಂಕಿ ತನಿಖಾಧಿಕಾರಿಗೆ ಬಂಧಿಸುವ ಅಧಿಕಾರವೂ ಇರುತ್ತಂತೆ. ನಮ್ಮಲ್ಲಿ ಹಾಗಿಲ್ಲ. ಇವರು ಆರಿಸಿ ವರದಿ ಕೊಡುತ್ತಾರೆ. ಅನುಮಾನ ಇದ್ದರೆ ಕೇಸು ಪೊಲೀಸರದು, ಸ್ಯಾಂಪಲ್ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗುತ್ತೆ.

ದೊಮ್ಮಲೂರಿನಿಂದ:

ಒಂದು ಮಾತು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ 9 ಜನ ಹೋದರು. ಮೆಟ್ಟಿಲುಗಳಲ್ಲಿ ಹೊಗೆ ತುಂಬಿ, ಉಸಿರಿಗಾಗಿ ಕಿಟಕಿ ಒಡೆದರು, ಕೆಲವರು ಮೇಲಿಂದ ಹಾರಿದರು. ಆ ದಿನ ರಸ್ತೆಯಲ್ಲಿ ನಿಂತು ನೋಡಿದವಳು ನಾನು. ಈ ಸೀರೀಸ್‌ನಲ್ಲಿ ಹೊಗೆ ತುಂಬಿದ ಜಾಗದಲ್ಲಿ ಜನ ಸಿಕ್ಕಿಕೊಳ್ಳುವ ದೃಶ್ಯ ಬಂದಾಗ ಎದ್ದು ಅಡುಗೆಮನೆಗೆ ಹೋದೆ. ನಿಮ್ಮ ಅಪ್ಪ ಸರ್ವಿಸ್‌ನಲ್ಲಿದ್ದಾಗ ಅಂಥ ಕಾಲ್‌ಗೆ ಹೋಗಿದ್ದರಾ ಅಂತ ಅಮ್ಮನ ಹತ್ತಿರ ಮೊದಲು ವಿಚಾರಿಸಿ. ಹೋಗಿದ್ದರೆ ನೀವು ಪಕ್ಕದಲ್ಲೇ ಇರಿ, ರಿಮೋಟ್ ಅವರ ಕೈಯಲ್ಲೇ ಇರಲಿ.

ವಿಜಯನಗರದಿಂದ, ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಡೇವ್ ವಿಷಯ ಮೊದಲೇ ಹೇಳಿಬಿಡಲಾ, ಇಲ್ಲ ಅವರೇ ನೋಡಲಿ ಅಂತ ಬಿಡಲಾ?

ಯಶವಂತಪುರದಿಂದ:

ಬಸವನಗುಡಿಯವರು ಬರೆದ ಕೇಸಿ ಕಥೆ ಮೊದಲೇ ಹೇಳಿದರೆ ಡೇವ್ ವಿಷಯವೂ ಹೊರಬರುತ್ತೆ ಅಲ್ವಾ? ಅದಕ್ಕೇ ನನ್ನ ಪ್ರಕಾರ ಮೊದಲ ಎರಡು ಎಪಿಸೋಡ್ ಏನೂ ಹೇಳದೆ ಹಾಕಿ. ಬೆಂಕಿ ಎಲ್ಲಿ ಹುಟ್ಟಿತು ಅಂತ ಡೇವ್ ನೆಲ, ಗೋಡೆ ನೋಡುತ್ತಾ ಹೋಗುವಾಗ ಅಪ್ಪನನ್ನು ಕೇಳಿ, ಅವರು ಇನ್ನೂ ಜಾಸ್ತಿ ಹೇಳುತ್ತಾರೆ. ಎರಡನೆಯದು ಮುಗಿದ ಕೂಡಲೇ ಕೇಸಿ ಕಥೆ ಹೇಳಿ. ಇಂಗ್ಲಿಷ್ ಮಾತು ಸ್ವಲ್ಪ ಓಟ, ಸಬ್‌ಟೈಟಲ್ ಹಾಕಿಕೊಳ್ಳಿ. ಮನೆಮಂದಿಯ ಜೊತೆ ಮುಜುಗರವಾಗುವ ದೃಶ್ಯಗಳೂ ಬೈಗುಳವೂ ಸಾಕಷ್ಟಿವೆ, ಆದ್ದರಿಂದ ನೀವು ಒಂದು ಎಪಿಸೋಡ್ ಮುಂದೆಯೇ ಇರಿ, ಎಲ್ಲಿ ಓಡಿಸಬೇಕು ಅಂತ ಗೊತ್ತಾಗುತ್ತೆ.